ರಸೀತಿ

ಚಿಂತಾಮಣಿಯ ವಕೀಲರ ಸಂಘದಲ್ಲಿ
ಮೊನ್ನೆ ಪಿಳ್ಳಪ್ಪ ಮೇಷ್ಟರ ಪಟ ಹಾಕಿದರು,
ಕಬ್ಬಿಣದ ಬೀರುವಿನ ಮೇಲೆ, ಕೊಂಚ ಓರೆಯಾಗಿ.
"ಸಾರ್, ನೀವು ಅವರನ್ನ ಕಂಡವರು, ಎರಡು ಮಾತು"
ಎಂದ ಚಂದಾ ಎತ್ತಿದ ಹುಡುಗ ವಕೀಲ.

ನಲವತ್ತೆರಡು ವರ್ಷ ಮಾತು ಮಾರಿ ಉಂಡವನಿಗೆ
ಎರಡೇನು, ಇನ್ನೂರಾದರೂ ಸಲೀಸು.
ಸರಳಜೀವಿ ಅಂದೆ. ಅಜಾತಶತ್ರು ಅಂದೆ.
ಚಪ್ಪಾಳೆ ಬಿತ್ತು. ಖಾರಾಬೂಂದಿ ಹಂಚಿದರು.

ಪ್ರಮಾಣ ಮಾಡಿ ಹೇಳುವುದು ಬೇರೆ. ಇದು ಅದು.

ಮೇಲ್ಮನೆಗೆ ಎರಡು ಸಲ ಆರಿಸಿಹೋದವರ ಮನೆಗೆ
ಮೇಲೊಂದು ಮನೆ ಇರಲಿಲ್ಲ.
ಎಣ್ಣೆ ಮಿಲ್ಲಿನ ಹಿಂದಿನ ಗಲ್ಲಿ, ಚಪ್ಪಡಿ ಕಲ್ಲಿನ ಸೂರು.
ಸರ್ಕಾರ ಕೊಟ್ಟ ಫೋನಿಗೆ ಬೀದಿಯೆಲ್ಲ ಬಂದು ಕಿರುಚುತ್ತಿತ್ತು;
ಒಂದೊಂದು ಕರೆಗೂ ಗೋಡೆಯ ಮೇಲೆ
ಅಕ್ಕಯ್ಯಮ್ಮನವರು ಎಳೆದ ಸೀಮೆಸುಣ್ಣದ ಗೀಟು.

ಆಗ ಸರ್ಕಾರಗಳು
ನಮ್ಮ ಮುನ್ಸೀಫ್ ಕೋರ್ಟಿನ ಗಾರೆಯ ಹಾಗೆ
ದಿನಾ ಒಂದಿಷ್ಟು ಉದುರುತ್ತಿದ್ದವು, ಗುಡಿಸುವವರಿಲ್ಲದೆ.
ಬೆಳಿಗ್ಗೆ ಈ ಪಕ್ಷದಲ್ಲಿ ಕಾಫಿ ಕುಡಿದವರು
ರಾತ್ರಿ ಆ ಪಕ್ಷದ ಎಲೆಗೆ ಕೂರುತ್ತಿದ್ದರು.
ಪಿತೃಪಕ್ಷವೇ ವರ್ಷವಿಡೀ,
ಎಲ್ಲ ಎಲೆಯಲ್ಲೂ ವಡೆ.

ಸಭಾಪತಿ ಚುನಾವಣೆ. ಲೆಕ್ಕಕ್ಕೆ ಒಂದು ಮತ ಕಮ್ಮಿ.
ಜಿಲ್ಲೆಯ ದೊಡ್ಡವರು ನನ್ನನ್ನು ಕರೆಸಿದರು,
ಮೇಷ್ಟರ ಶಿಷ್ಯನಲ್ಲವೇ ನಾನು.
ಸರ್ಕಾರಿ ವಕೀಲರ ಕುರ್ಚಿ ಖಾಲಿ ಇತ್ತು.
ಅದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ,
ಇಬ್ಬರೂ ಕಿಟಕಿಯಾಚೆ ನೋಡಿದೆವು.

ಕೈಚೀಲ. ಮೇಲೆ ಎರಡು ಸೇರು ಕಡಲೇಕಾಯಿ,
ಅಡಿಗೆ ನೂರರ ಐದು ಕಟ್ಟು.

ಕರೆಂಟಿರಲಿಲ್ಲ. ಲಾಟೀನಿನಡಿ ಮೇಷ್ಟರು
ಯಾರದೋ ಪಿಂಚಣಿ ಅರ್ಜಿಯ ಕಾಗುಣಿತ ತಿದ್ದುತ್ತಿದ್ದರು.
"ಏಮಿರಾ ಸೊಣ್ಣಪ್ಪ" ಎಂದು ಚೀಲಕ್ಕೆ ಕೈಯಿಟ್ಟರು,
ಒಂದು ಕಾಯಿ ಒಡೆದು ಬಾಯಿಗೆ ಹಾಕಿದರು,
"ಈ ಸಲ ಜೊಳ್ಳು ಜಾಸ್ತಿ" ಎಂದರು.
ಎರಡನೇ ಸಲ ಇಟ್ಟ ಕೈ
ಅಲ್ಲೇ ನಿಂತಿತು.

ಬೈಯುತ್ತಾರೆಂದು ಕಾದೆ.
ಅವರು ಎದ್ದು, ಗೂಡಿನಿಂದ
ಹೈಸ್ಕೂಲು ಕಟ್ಟಡ ನಿಧಿಯ ರಸೀತಿ ಪುಸ್ತಕ ತೆಗೆದು,
ಕಾರ್ಬನ್ ಕಾಗದ ಸರಿಪಡಿಸಿ, ಪೆನ್ನು ಬಿಚ್ಚಿ,
"ಯಾರ ಹೆಸರಿಗೆ ಬರೀಲಿ?"

ಹೌದೋ ಅಲ್ಲವೋ ಅಷ್ಟೇ ಹೇಳು ಎಂದು
ಎಷ್ಟು ಸಾಕ್ಷಿಗಳ ಬೆವರಿಳಿಸಿದ್ದೇನೆ!
ನಿಬ್ಬು ಕಾಗದದ ಮೇಲೆ ಕಾಯುತ್ತ
ಒಂದು ಚುಕ್ಕೆ ಶಾಯಿ ಊರಿತು, ಅಗಲವಾಯಿತು.

"ಹೆಸರಿಲ್ಲದ ದುಡ್ಡಿಗೆ ರಸೀತಿ ಹರಿಯೋಕಾಗಲ್ಲಪ್ಪ.
ಕಾಯಿ ಇಟ್ಟು ಹೋಗು, ಇವಳು ಹುರೀತಾಳೆ."
ಎರಡು ಸೇರಿಗೆ ಏಳು ರೂಪಾಯಿ ಕೊಟ್ಟರು.
ತೆಗೆದುಕೊಂಡೆ.

ದೊಡ್ಡವರ ಕಡೆಯವನೇ ಗೆದ್ದ.
ಇನ್ಯಾರದೋ ಮನೆಯ ಗೂಡಿನಲ್ಲಿ
ರಸೀತಿ ಪುಸ್ತಕ ಇದ್ದಿರಲಿಕ್ಕಿಲ್ಲ.
ಆರು ವರ್ಷ ನಾನು ಸರ್ಕಾರಿ ವಕೀಲ.
ಜವಾನನ ವಿಧವೆಯೊಬ್ಬಳ ಕೇಸಿಗೆ ಮೇಷ್ಟರು ಬಂದರೆ
ಕಕ್ಷಿದಾರರ ಬೆಂಚಿನಲ್ಲೇ ಕೂತು ಸರದಿ ಕಾಯುತ್ತಿದ್ದರು.
ಆ ರಾತ್ರಿಯ ಮಾತು ಒಂದು ಸಲವೂ ಎತ್ತಲಿಲ್ಲ.
ಎತ್ತಿದ್ದರೆ ಚೆನ್ನಾಗಿತ್ತು.

ಪಟದಲ್ಲಿರುವಷ್ಟು ಬಿಳುಪು ಅವರದೂ ಅಲ್ಲ, ಅದನ್ನೂ ಬರೆದುಕೊಳ್ಳಿ.
ಅನುದಾನ ಕಡಿತದ ಮಸೂದೆಗೆ ಪಕ್ಷ ಹೇಳಿತೆಂದು ಕೈಯೆತ್ತಿದ್ದರು.
ಹದಿನೇಳು ಮೇಷ್ಟರುಗಳಿಗೆ ಸಂಬಳ ನಿಂತಿತು.
ಬಸ್‌ಸ್ಟ್ಯಾಂಡಿನಲ್ಲಿ ಅವರಲ್ಲೊಬ್ಬ ನಮಸ್ಕಾರ ಅಂದಾಗ
ಬಲಗೈ ಜುಬ್ಬದ ಜೇಬಿನಿಂದ
ಹೊರಗೆ ಬರಲೇ ಇಲ್ಲ. ನಾನು ಪಕ್ಕದಲ್ಲಿದ್ದೆ.

ಸಭೆ ಮುಗಿದ ಮೇಲೆ ಪಟದ ಬಾಬ್ತು ಐನೂರು ಕೊಟ್ಟೆ.
"ರಸೀತಿ ಬೇಡಪ್ಪ" ಎಂದೆ.
"ಇಲ್ಲ ಸಾರ್, ಲೆಕ್ಕ ಇಡಬೇಕು" ಎಂದು
ಹುಡುಗ ಪುಸ್ತಕ ತೆಗೆದ. ಪೆನ್ನು ಬಿಚ್ಚಿದ. ಹೆಸರು ಕೇಳಿದ.

ಇನಿಷಿಯಲ್ಲು ಸಮೇತ ಬಿಡಿಸಿ ಹೇಳಿದೆ.
ಟೈಪಿಂಗ್ ಮಿಷನ್ನಿನ ಗದ್ದಲದಲ್ಲಿ ಸರಿಯಾಗಿ ಕೇಳಲಿಲ್ಲವೇನೋ,
ಸಣ್ಣಪ್ಪ ಎಂದು ಬರೆದು ಹರಿದುಕೊಟ್ಟ.

ತಿದ್ದಿಸಲಿಲ್ಲ.